ಗಂಟಿ ಬಾರಿಸಿದರೆ ಬರುವವರು

ಹಂಚಿನ ಮೇಲೆ ಒಂದು ರೊಟ್ಟಿ ಉಬ್ಬುತ್ತಿತ್ತು, ಇನ್ನೊಂದನ್ನು ಬಡಿಯುತ್ತಿದ್ದೆ. ಆಗ ಮುಂದಿನ ಅಂಗಡಿಯಿಂದ ಚಮನಸಾಬರು ಕೂಗಿದರು.

“ಬಾಳವ್ವಾ! ಏ ಬಾಳವ್ವಾ! ಮಗಳನ್ನ ಕಳಸವಾ ಲಗೂನ. ಊರಾಗ ಮಂದಿ ಸಾಯಾಕತ್ತಾರ!”

ಬಡಿಯುವ ಕೈ ನಿಂತಿತು. ಊರು ಅಂದರೆ ನನಗೆ ಮೊದಲು ನೆನಪಾಗುವುದು ಮುದ್ದೇಬಿಹಾಳದ ಕಡೆಯ ನಮ್ಮೂರು. ಆಮೇಲೆ, ಇದು ಆ ಊರಲ್ಲ, ಮಗಳು ಜಯಶ್ರೀಯ ಊರು, ಕಂಪ್ಯೂಟರಿನೊಳಗಿನದು ಎಂದು ಹೊಳೆದು ನಗು ಬಂತು. ಆದರೆ ಕೂಗುತ್ತಿದ್ದವರ ದನಿಯಲ್ಲಿ ನಗು ಇರಲಿಲ್ಲ.

“ಅಕಿ ನಳಕ್ಕ ಹೋಗ್ಯಾಳ್ರಿ,” ಎಂದೆ.

“ಹಂಗಾರ ನೀನರ ಬಾ! ನನಗ ಇದನ್ನ ನಿಂದ್ರಸಾಕ ಬರವಲ್ದು.”

ನಾವಿರುವುದು ಗೋವೆಯಲ್ಲಿ, ವಾಳಪೈ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಚಮನಸಾಬರ ಕಟ್ಟಡದ ಹಿಂಬದಿಯ ಕೋಣೆಯಲ್ಲಿ. ಮುಂಬದಿ ಅವರ ಅಂಗಡಿ. ಮೊದಲು ಅದು ಟೆಲಿಫೋನ್ ಬೂತ್ ಆಗಿತ್ತು. ಎಲ್ಲರ ಕಿಸೆಗೂ ಮೊಬೈಲ್ ಬಂದ ಮೇಲೆ ಬೂತಿನ ಗಾಜು ಬಿಚ್ಚಿ ನಾಲ್ಕು ಕಂಪ್ಯೂಟರ್ ಇಟ್ಟರು. ನಮ್ಮನೆಯವರು ಯಮನೂರಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ನಾನು ನಮ್ಮ ಕಡೆಯ ಕೆಲಸಗಾರರಿಗೆ ರೊಟ್ಟಿ ಮಾಡಿ ಕೊಡುತ್ತೇನೆ, ಅಂಗಡಿಯ ಕಸ ಗುಡಿಸಿ ಟೇಬಲ್ಲು ಒರೆಸುತ್ತೇನೆ. ಅದಕ್ಕೆ ಬದಲಾಗಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಜಯಶ್ರೀಗೆ ಮೂಲೆಯ ಕಂಪ್ಯೂಟರ್ ಸಿಗುತ್ತದೆ. ನಾನು ಒರೆಸುವಾಗ ಪರದೆಗಳೆಲ್ಲ ಕಪ್ಪಗಿರುತ್ತವೆ. ಅದರೊಳಗೆ ಮಗಳು ಒಂದು ಊರು ಕಟ್ಟಿದ್ದಾಳೆ ಎಂದು ಕೇಳಿದ್ದೆನೇ ಹೊರತು ಒಮ್ಮೆಯೂ ನೋಡಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದೆ. ಬೆಳ್ಳಗೆ ಹಿಮ ಬಿದ್ದ ಒಂದು ಕಣಿವೆ. ಗೋದಿ ಕಾಳಿನಷ್ಟೇ ಇದ್ದ ಮನುಷ್ಯರು ಕಟ್ಟಿಗೆಯ ಮನೆಗಳ ನಡುವೆ ಓಡಾಡುತ್ತಿದ್ದರು. ಕೆಲವು ಮನೆಗಳಿಂದ ಹೊಗೆ ಬರುತ್ತಿತ್ತು, ಕೆಲವುಗಳಿಂದ ಇಲ್ಲ. ಹೊಗೆಯಿಲ್ಲದ ಒಂದು ಮನೆಯ ಮುಂದೆ ಯಾರೋ ಮಲಗಿದ್ದರು. ಮೇಲೆ, ಎರಡು ಗುಡ್ಡಗಳ ನಡುವಿನ ದಾರಿಯಲ್ಲಿ ಊರಿನ ಬಾಗಿಲು. ಬಾಗಿಲಿನ ಆಚೆ ಒಂದು ಸಾಲು ಮಂದಿ. ಎಲ್ಲರಿಗಿಂತ ಮುಂದೆ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಹೆಂಗಸು.

“ಇಕಿ ಯಾರ್ರಿ?” ಎಂದು ಕೇಳಿದೆ.

“ನನಗೇನ ಗೊತ್ತವಾ? ಧೂಳ ಝಾಡಸಾಕ ಹೋಗಿ ಮೌಸ್ ಮುಟ್ಟಿದ್ದ ತಡ, ಒಳಗಿನ ಗಡಿಯಾರ ಓಡಾಕತ್ತು. ನಿನ್ನ ಮಗಳು ಅಳತಾಳ ನೋಡ ಈಗ.”

ಅಷ್ಟರಲ್ಲಿ ಜಯಶ್ರೀ ಕೊಡ ಹೊತ್ತು ಬಂದಳು. ಪರದೆ ನೋಡಿದವಳೇ ಕೊಡ ಕೆಳಗಿಟ್ಟು ಓಡಿ ಬಂದು ಉದ್ದನೆಯ ಗುಂಡಿ ಒತ್ತಿದಳು. ಹೊಗೆ, ಹಿಮ, ಮಂದಿ ಎಲ್ಲ ಇದ್ದಲ್ಲೇ ನಿಂತವು. ಬಾಗಿಲ ಬಳಿಯ ಹೆಂಗಸೂ ಒಂದು ಕಾಲು ಎತ್ತಿಕೊಂಡೇ ನಿಂತಳು.

“ಒಬ್ಬಾಂವ ಹೋದ,” ಎಂದು ಜಯಶ್ರೀ ಸಣ್ಣಗೆ ಹೇಳಿದಳು. “ಕಟಗಿ ಕಡಿಯಾಂವ. ಉಳದವರು ಅದಾರ.” ಅವಳು ಅಳಲಿಲ್ಲ. ಕಣಜದಿಂದ ಕಾಳು ಬಿಡಿಸಿದಳು, ಯಾರನ್ನೋ ಕಟ್ಟಿಗೆಗೆ ಕಳಿಸಿದಳು. ಆಮೇಲೆ ಬಾಗಿಲ ಕಡೆ ನೋಡುತ್ತ ಕೂತಳು.

“ಅವ್ವಾ, ಒಂದ ಕೇಳಲಿ?”

“ಕೇಳು.”

“ಏನಿಲ್ಲ ಬಿಡು. ಆಮ್ಯಾಲ.”

ಹಿಂದಿನ ಕೋಣೆಯಿಂದ ಸುಟ್ಟ ವಾಸನೆ ಬಂತು. ಓಡಿದೆ. ಹಂಚಿನ ಮೇಲಿನ ರೊಟ್ಟಿ ಕರಿಹಪ್ಪಳ ಆಗಿತ್ತು.

ಅವತ್ತಿನಿಂದ ಆ ಊರು ನನ್ನ ತಲೆಯಲ್ಲೂ ಕೂತುಬಿಟ್ಟಿತು. ಎರಡು ಸಾವಿರದ ಒಂಬತ್ತರ ಮೇ ತಿಂಗಳು, ಶಾಲೆಗೆ ರಜೆ. ಕಾಳು ಆರಿಸುವಾಗ, ಪಾತ್ರೆ ತಿಕ್ಕುವಾಗ ಮಗಳನ್ನು ಕೇಳುತ್ತಿದ್ದೆ: ಅಲ್ಲಿ ಅವರು ಏನು ಉಣ್ಣುತ್ತಾರೆ? ಬೀಸುವವರು ಯಾರು? ಹಬ್ಬ ಇದೆಯೇ? ಸತ್ತವರನ್ನು ಎಲ್ಲಿಗೆ ಒಯ್ಯುತ್ತಾರೆ? ಅವಳಿಗೂ ಹೇಳುವ ಹುರುಪು. ಡಬ್ಬಿಯ ಮೇಲೆ ಆಟಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ನಮ್ಮ ಓಣಿಯ ಹುಡುಗರು ಅದನ್ನು ಊರಾಟ ಎನ್ನುತ್ತಿದ್ದರು. ಹಿಮದ ಕಣಿವೆಯಲ್ಲಿ ನಾಲ್ಕಾರು ಸಂಸಾರಗಳನ್ನು ಕೊಟ್ಟು ಬಿಡುತ್ತಾರೆ, ಊರು ಕಟ್ಟಬೇಕು. ಕಟ್ಟಿಗೆ ಕಡಿಮೆಯಾದರೆ ಚಳಿಗೆ ಸಾಯುತ್ತಾರೆ, ಕಾಳು ಕಡಿಮೆಯಾದರೆ ಹಸಿವಿಗೆ. ಗೆಲ್ಲುವುದು ಎಂಬುದೇ ಇಲ್ಲ. ಉಳಿಯುವುದೇ ಆಟ.

“ಇದು ಹಳೇ ಆಟ ಅವ್ವಾ. ಈಗ ಬಂದದ್ದು ಎಕ್ಸ್‌ಪಾನ್ಶನ್. ಅಂದ್ರ ಅದಕ್ಕ ಕೂಡಿಸಿದ ಹೊಸಾ ಭಾಗ.”

“ಅಂಗಿಗೆ ತೋಳು ಹಚ್ಚಿದಂಗ?”

“ಹೂಂ, ಹಂಗ! ಹೊಸಾದ್ರಾಗ ಒಂದ ಗಂಟಿ ಗೋಪುರ ಕಟ್ಟಬೇಕು. ಗಂಟಿ ಬಾರಿಸಿದ್ರ ಗುಡ್ಡದ ಆಚೀ ಮಂದಿ ಕೇಳಿ ಇಳದ ಬರ್ತಾರ. ಬಾಗಲಾ ತಗೀಬೇಕೋ ಬ್ಯಾಡೋ, ಅದು ನಮ್ಮ ಕೈಯಾಗ.”

ಈ ಹೊಸ ಭಾಗದ ಡಿಸ್ಕನ್ನು ತಂದವನು ಸಗುಣ. ಇದೇ ಊರಿನ ಹುಡುಗ, ಫೋಂಡಾದ ಕಾಲೇಜಿಗೆ ಹೋಗುತ್ತಾನೆ. ಅಂಗಡಿಗೆ ಬಂದು ಹೋಗಿ ನಮ್ಮ ಕನ್ನಡವನ್ನೂ ಅಷ್ಟಿಷ್ಟು ಕಲಿತಿದ್ದಾನೆ. ಚಮನಸಾಬರಿಗೆ ಮಾತ್ರ ಈ ಹೊಸ ಭಾಗ ಮೊದಲ ದಿನದಿಂದಲೇ ತಲೆನೋವು. ಗಂಟೆ ಬಾರಿಸಿ ಮಂದಿ ಇಳಿಯತೊಡಗಿದರೆ ಕಂಪ್ಯೂಟರು ತೆವಳುತ್ತಿತ್ತು. ತುಂಬಾ ಮಂದಿ ಬಂದರೆ ನಿಂತೇ ಹೋಗುತ್ತಿತ್ತು.

“ಈ ಘಾಂಟಿ ಮಂದಿ ಬಂದಾಗೆಲ್ಲ ನನ್ನ ಮಶಿನ್ ಮಲಗ್ತಾವ ನೋಡ,” ಎನ್ನುತ್ತಿದ್ದರು.

ಗೋವೆಯ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಘಾಟಿ ಇಳಿದು ಬಂದ ನಮ್ಮಂಥವರನ್ನು ಇಲ್ಲಿ ಘಾಂಟಿ ಎನ್ನುತ್ತಾರೆ. ಸಿಟ್ಟು ಬಂದಾಗ ಅನ್ನುತ್ತಾರೆ, ಸಿಟ್ಟು ಇಲ್ಲದಾಗಲೂ ಅನ್ನುತ್ತಾರೆ. ಆಟದ ಮಂದಿಯೂ ಗುಡ್ಡ ಇಳಿದೇ ಬರುವುದರಿಂದ ಹುಡುಗರು ಅವರಿಗೂ ಅದೇ ಹೆಸರಿಟ್ಟರು. ಚಮನಸಾಬರ ಬಾಯಲ್ಲಿ ಅದನ್ನು ಕೇಳಿದಾಗ ನನ್ನ ಪೊರಕೆ ಒಂದು ಕ್ಷಣ ನಿಂತಿತ್ತು. ಅವರು ಕಲಘಟಗಿಯವರು. ಹರೆಯದಲ್ಲಿ ಲಾರಿಯ ಮೇಲೆ ಕೂತು ಘಾಟಿ ಇಳಿದು ಬಂದ ಕತೆಯನ್ನು ಅವರೇ ನನಗೂ ಜಯಶ್ರೀಗೂ ಹೇಳಿದ್ದರು. ಈಗ ಫೋನಿನಲ್ಲಿ ಕೊಂಕಣಿ ಆಡಿದರೆ ಇಲ್ಲೇ ಹುಟ್ಟಿದವರ ಹಾಗೆ ಕೇಳುತ್ತದೆ. ಓಣಿಯವರು ಇಲ್ಲಿನ ಹಿರಿಯರನ್ನು ಕರೆಯುವ ಹಾಗೆ ಅವರನ್ನೂ ಗೌರವದಿಂದ ಚಮನಬಾಬ್ ಎನ್ನುತ್ತಾರೆ.

ಜೂನ್ ಬಂದರೆ ಕಾಲೇಜಿನ ಫಾರ್ಮ್ ತುಂಬುವ ಗದ್ದಲ. ಕಂಪ್ಯೂಟರುಗಳು ಚುರುಕಾಗಿರಬೇಕು. ಅದಕ್ಕೆ ಚಮನಸಾಬರು ಒಂದು ಉಪಾಯ ಮಾಡಿದರು. ಗಲ್ಲಾದ ಪಕ್ಕದ ಪ್ಲೈವುಡ್ಡಿಗೆ ಒಂದು ಚೀಟಿ ಅಂಟಿಸಿದರು: ಹೊಸ ಭಾಗ ಇರಬೇಕೋ ಬೇಡವೋ, ಆಡಿದವರು ಬರೆದು ಹಚ್ಚಿರಿ, ಮಳೆ ಹಿಡಿಯುವ ಮುಂಚೆ ತೀರ್ಮಾನ.

“ಬ್ಯಾಡ ಅಂದ್ರ ಏನ ಮಾಡ್ತಾರ?” ಎಂದು ಜಯಶ್ರೀಯನ್ನು ಕೇಳಿದೆ.

“ತಗದ ಒಗೀತಾರ. ಅದ್ರಾಗ ಕಟ್ಟಿದ ಊರೂ ಹೋಗ್ತಾವ.”

“ನಿನ್ನ ಊರೂ?”

ಅವಳು ಹೂಂ ಎಂದು ತಲೆ ಅಲ್ಲಾಡಿಸಿದಳು. ಅವತ್ತು ಉಣ್ಣಲಿಕ್ಕೆ ಕರೆದರೂ ಬೇಗ ಬರಲಿಲ್ಲ.

ಪ್ಲೈವುಡ್ಡು ಒಂದು ವಾರದಲ್ಲಿ ತುಂಬಿತು. ಕಸ ಗುಡಿಸುವಾಗ ನನಗೆ ಅದೇ ಮನರಂಜನೆ. ಕನ್ನಡದವು, ಮರಾಠಿಯವು ನನಗೇ ತಿಳಿಯುತ್ತಿದ್ದವು. ಇಂಗ್ಲಿಷಿನವನ್ನು ಜಯಶ್ರೀಯಿಂದ ಓದಿಸುತ್ತಿದ್ದೆ. ಯಾರೋ ‘ಹಿಮ ಚಲೋ ಐತಿ’ ಎಂದಷ್ಟೇ ಬರೆದಿದ್ದರು. ಇನ್ನೊಬ್ಬರಿಗೆ ಗಂಟೆಯ ನಾದ ಬಹಳ ಹಿಡಿಸಿತ್ತು, ಆದರೆ ಬಾರಿಸಿದ ಮೇಲೆ ಬರುವವರು ಹಿಡಿಸಿರಲಿಲ್ಲ. ಮತ್ತೊಬ್ಬರ ತಕರಾರು ಬೇರೆಯೇ: ಹಳೆಯ ಆಟ ಕಠಿಣವಾಗಿತ್ತು, ಈಗ ಹೊರಗಿನವರನ್ನು ಕರೆದು ಉದ್ದನೆಯ ಶೆಡ್ಡಿನಲ್ಲಿ ತುಂಬಿ ದುಡಿಸಿಕೊಂಡರೆ ಎಲ್ಲ ಸುಲಭ, ಇದೇನು ಮಜಾ? ಸಗುಣನ ಚೀಟಿ ಎಲ್ಲಕ್ಕಿಂತ ಉದ್ದ. ಘಾಂಟಿಗಳು ಬರುತ್ತಾರೆ, ತಿನ್ನುತ್ತಾರೆ, ಕಂಪ್ಯೂಟರ್ ನಿಲ್ಲಿಸುತ್ತಾರೆ, ಚಳಿಗಾಲದಲ್ಲಿ ಸಾಯುತ್ತಾರೆ. ಐದಕ್ಕೆ ಎರಡು ಚುಕ್ಕಿ.

ನನಗೆ ಒಂದು ವಿಷಯ ಸೋಜಿಗ. ಇಷ್ಟು ವರ್ಷ ರೊಟ್ಟಿ ಬಡಿದಿದ್ದೇನೆ. ತಿಂದವರು ಚಲೋ ಇತ್ತು ಎಂದು ಹೇಳುವುದಿಲ್ಲ. ಸುಟ್ಟರೆ ಮಾತ್ರ ಹೇಳುತ್ತಾರೆ. ಇಲ್ಲಿ ನೋಡಿದರೆ ಒಂದು ಆಟಕ್ಕೆ ಕೂತು ಚುಕ್ಕಿ ಕೊಡುತ್ತಾರೆ, ಕಾರಣ ಕೊಡುತ್ತಾರೆ, ಒಬ್ಬರ ಚೀಟಿಯ ಕೆಳಗೆ ಇನ್ನೊಬ್ಬರು ‘ನಿನಗ ಆಡಾಕ ಬರೂದಿಲ್ಲ’ ಎಂದು ಬರೆಯುತ್ತಾರೆ. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಅವತ್ತು ಸಂಜೆ ಯಮನೂರಪ್ಪ ಊಟ ಮಾಡಿ ಕೈ ತೊಳೆದು, “ಇವತ್ತಿನ ಪಲ್ಯಾಕ್ಕ ಮೂರ ಚುಕ್ಕಿ. ಉಪ್ಪು ಎಕ್ಸ್‌ಪಾನ್ಶನ್ ಆಗೇತಿ,” ಎಂದರು.

“ನಾಳಿಂದ ನೀವ ಮಾಡ್ರಿ, ನಾ ಚುಕ್ಕಿ ಕೊಡತೇನಿ,” ಎಂದೆ. ಜಯಶ್ರೀ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು.

ಆ ಸಂಜೆಯೇ ಅವಳು ಸಗುಣನಿಂದ ಒಂದು ಪತ್ರಿಕೆ ಇಸಿದುಕೊಂಡು ಬಂದಿದ್ದಳು. ಹೊಳೆಯುವ ಹಾಳೆ, ಪೂರ್ತಿ ಕಂಪ್ಯೂಟರ್ ಆಟಗಳದೇ ಸುದ್ದಿ. ಅದರಲ್ಲಿ ಈ ಹೊಸ ಭಾಗದ ವಿಮರ್ಶೆ ಇತ್ತು. ಹತ್ತಕ್ಕೆ ಆರೂವರೆ. ಜಯಶ್ರೀ ಬೆರಳಿಟ್ಟು ಓದುತ್ತ ಕನ್ನಡ ಮಾಡಿ ಹೇಳಿದಳು.

“ಗಂಟಿ ಗೋಪುರ ಭಾಳ ಸುಂದರ ಐತಂತ. ಹಾಡೂ ಚಲೋ ಅದಾವಂತ. ಆದ್ರ ಬಂದವರಿಗೆ ಕತಿ ಇಲ್ಲಂತ. ಅವರು ಬರೀ ಕೈ ಅಂತ.”

“ಕೈ?” ಎಂದೆ.

“ಹ್ಯಾಂಡ್ಸ್ ಅಂತ ಬರದಾರ. ಬರೀ ಕೈ, ಅಷ್ಟ.”

ಯಮನೂರಪ್ಪ ಗೋಡೆಗೆ ಒರಗಿ ಬೀಡಿ ಹಚ್ಚುವವರಿದ್ದರು, ನಿಲ್ಲಿಸಿದರು. “ನಮ್ಮ ಸೇಠ ಆಳು ಅಂತಾನ. ಇವರು ಕೈ ಅಂದಾರ. ಕೈ ಅಷ್ಟ ಬಂದ್ರ, ಹೊಟ್ಟಿ ಎಲ್ಲಿ ಬಿಟ್ಟ ಬಂದ್ವಂತ?”

“ಹೊಟ್ಟಿನೂ ತಂದಾವಪ್ಪಾ, ಕಾಳು ತಿಂತಾರಂತನ ಸಗುಣಣ್ಣ ಬೈತಾನ.”

“ನೀ ಎಷ್ಟ ಮಂದಿನ್ನ ಒಳಗ ಬಿಟ್ಟಿ?”

“ಎಲ್ಲಾರ್ನೂ ಅಲ್ಲ. ಮನಿ ಎಷ್ಟ ಕಟ್ಟೇನೋ ಅಷ್ಟ ಮಂದಿ. ಶೆಡ್‌ನ್ಯಾಗ ನಾ ಇಡೂದಿಲ್ಲ.”

“ಯಾಕ?”

ಅವಳು ಪತ್ರಿಕೆ ಮಡಚಿದಳು. “ಅಪ್ಪಾ, ಒಂದ ಕೇಳಲಿ?” ಎಂದಳು. ಇಬ್ಬರೂ ಅವಳ ಮುಖ ನೋಡಿದೆವು. “ಬ್ಯಾಡ, ಇನ್ನೂ ಖಾತ್ರಿ ಆಗಿಲ್ಲ,” ಎಂದು ಹಾಸಿಗೆ ಹಾಸಲು ಎದ್ದಳು.

ಅವಳ ನಾಲಿಗೆಯ ತುದಿಯಲ್ಲಿ ಏನಿದೆ ಎಂದು ನನಗೆ ಆಮೇಲೂ ಯೋಚನೆ. ಹೊಸ ಚಪ್ಪಲಿ ಕೇಳುತ್ತಾಳೆಯೇ? ಊರಿನ ಅಜ್ಜಿಯ ಸುದ್ದಿಯೇ? ದೊಡ್ಡವಳಾಗುತ್ತಿದ್ದಾಳೆ, ಆ ವಿಷಯವೇ? ಒತ್ತಾಯ ಮಾಡಲಿಲ್ಲ. ಹಿಟ್ಟು ನಾದುವವರಿಗೆ ಗೊತ್ತಿರುತ್ತದೆ, ನೀರು ಕುದಿಯುವ ಮುಂಚೆ ಹಿಟ್ಟು ಸುರಿದರೆ ರೊಟ್ಟಿ ಹರಿಯುತ್ತದೆ.

ಮರುದಿನ ನಾನು ಹೊಸ ಕಟ್ಟಡದ ಕೆಲಸಗಾರರಿಗೆ ರೊಟ್ಟಿ ಕೊಟ್ಟು ಬರುವಷ್ಟರಲ್ಲಿ ಜಯಶ್ರೀಯೂ ತನ್ನ ಚೀಟಿ ಬರೆದು ಪ್ಲೈವುಡ್ಡಿಗೆ ಹಚ್ಚಿದ್ದಳು. ನನಗೆ ಗೊತ್ತಾದದ್ದು ನಗುವಿನಿಂದ. ಗೋಡೆಯ ಆಚೆ ಸಗುಣ ಇಂಗ್ಲಿಷಿನಲ್ಲಿ ಏನೋ ಜೋರಾಗಿ ಓದುತ್ತಿದ್ದ. ಉಳಿದ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ಒಮ್ಮೆಲೇ ಸದ್ದು ನಿಂತಿತು.

ಸ್ವಲ್ಪ ಹೊತ್ತಿಗೆ ಸಗುಣ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಹೆಲ್ಮೆಟ್ಟು, ಅದನ್ನೇ ತಿರುವುತ್ತಿದ್ದ.

“ಮಾವಶಿ, ನಾನು ಅವಳಿಗೆ ನಗಲಿಲ್ಲ. ಆ ಚಿತ್ರ ನೋಡಿ ನಗು ಬಂತು. ಅವಳಿಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ.”

“ಏನ ಗೊತ್ತಿಲ್ಲ?”

“ನೀವೇ ನೋಡಿ,” ಎಂದು ಹೊರಟುಹೋದ.

ಹೋಗಿ ನೋಡಿದೆ. ಚಮನಸಾಬರು ಓದಿ ಅರ್ಥ ಹೇಳಿದರು, ನನ್ನ ಮುಖ ನೋಡದೆ. ‘ಈ ಆಟದಲ್ಲಿ ಎಲ್ಲರಿಗಿಂತ ಒಳ್ಳೆಯವರು ಗಂಟಿಗಳು. ಅವರನ್ನು ಶೆಡ್ಡಿನಲ್ಲಿ ಇಡಬೇಡಿ. ಮನೆ ಕೊಡಿ, ಒಲೆ ಕೊಡಿ, ಒಂದು ಚಳಿಗಾಲ ಕಾಯಿರಿ. ಆಮೇಲೆ ಚುಕ್ಕಿ ಕೊಡಿ. ನಾನೂ ನನ್ನ ಶಾಲೆಯ ಗಂಟಿ. ಐದಕ್ಕೆ ಐದು.’ ಕೆಳಗೆ ಹಳದಿ ಬಣ್ಣದ ಒಂದು ಗಂಟೆಯ ಚಿತ್ರ, ನಾಲಿಗೆ ಸಮೇತ.

ನನಗೆ ಎಲ್ಲ ತಿಳಿಯಿತು. ಗಂಟೆಗೆ ನಾವು ಗಂಟಿ ಎನ್ನುತ್ತೇವೆ. ಜಯಶ್ರೀಯ ಶಾಲೆಯಲ್ಲಿ ಹುಣಸೆ ಮರಕ್ಕೆ ರೈಲಿನ ಕಂಬಿಯ ತುಂಡು ತೂಗುಹಾಕಿದ್ದಾರೆ. ಎತ್ತರದ ಹುಡುಗಿ ಎಂದು ಹೋದ ವರ್ಷ ಬಾರಿಸುವ ಕೆಲಸವನ್ನು ಇವಳಿಗೆ ಕೊಟ್ಟರು. ಅದೇ ದಿನಗಳಲ್ಲಿ ಯಾರೋ ಹುಡುಗಿಯರು ‘ಘಾಂಟಿ, ಘಾಂಟಿ’ ಎಂದು ಕರೆದರಂತೆ. ಇವಳು ಕುಣಿಯುತ್ತ ಮನೆಗೆ ಬಂದು, “ಅವ್ವಾ, ಎಲ್ಲಾರೂ ನನಗ ಗಂಟಿ ಅಂತಾರ,” ಎಂದಿದ್ದಳು. ಆ ಮುಖದಲ್ಲಿದ್ದ ಬೆಳಕು ನೋಡಿ ನಾನು ಹೂಂ ಎಂದಿದ್ದೆ. ಬಾರಿಸುವವಳು ಅವಳೇ ಆಗಿದ್ದಳಲ್ಲ. ಈಗ ಆಟದಲ್ಲಿಯೂ ಗಂಟೆ ಬಾರಿಸಿದರೆ ಬರುವವರಿಗೆ ಗಂಟಿ ಎನ್ನುವುದು ಅವಳಿಗೆ ಸಹಜವೇ ಕಂಡಿದೆ.

ಜಯಶ್ರೀ ಹಿಂದಿನ ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದ ಮನೆಯವರು ಗೇರುಹಣ್ಣು ರಾಶಿ ಹಾಕಿದ್ದರು, ಹುಳಿ ವಾಸನೆ ಬರುತ್ತಿತ್ತು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

“ಅದು ಬಾರಿಸೋ ಗಂಟಿ ಅಲ್ಲಂತ,” ಎಂದಳು. “ಘಾಟ ಇಳದ ಬಂದವರಿಗೆ ಅನ್ನೂದಂತ.”

“ಹೂಂ.”

“ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಮತ್ತ ಹೇಳಬಾರದೇನ?”

“ನೀ ಗಂಟಿ ಬಾರಸೂದೂ ಖರೇ ಇತ್ತಲ್ಲವಾ.”

ಅವಳು ಒಂದು ಗೇರುಬೀಜ ಎತ್ತಿಕೊಂಡು ಉಗುರಿನಿಂದ ಕೆರೆಯತೊಡಗಿದಳು. ಅದರ ಎಣ್ಣೆ ಚರ್ಮ ಸುಡುತ್ತದೆ ಎಂದು ಕೈಯಿಂದ ತೆಗೆದು ಒಗೆದೆ.

“ಚೀಟಿ ಹರದ ಒಗೀಲೇನ?” ಎಂದು ಕೇಳಿದೆ.

“ಬ್ಯಾಡ. ಬರದದ್ದೆಲ್ಲ ಖರೇ ಐತಿ. ಗಂಟಿ ಚಿತ್ರಾನೂ ಇರಲಿ. ಅದನ್ನ ತಗಿಯಾಕ ನಾ ತಪ್ಪೇನ ಬರದೇನಿ?” ಆಮೇಲೆ ಸ್ವಲ್ಪ ಹತ್ತಿರ ಸರಿದು ಕೂತಳು.

“ಅವತ್ತಿಂದ ಏನೋ ಕೇಳಬೇಕಂತಿ. ಈಗರ ಕೇಳವಾ.”

“ನಿನಗಲ್ಲ ಕೇಳೂದು,” ಎಂದಳು. “ನಿನಗ ಕೇಳಬೇಕಂತನ ಇತ್ತು. ಈಗ ಗೊತ್ತಾತು, ನಿನಗೂ ಅದು ಗೊತ್ತಿರಾಕಿಲ್ಲ.”

ಹನ್ನೊಂದು ವರ್ಷದ ಹುಡುಗಿ. ನನಗೆ ಗೊತ್ತಿಲ್ಲದ್ದು ಏನು, ಗೊತ್ತಿರುವವರು ಯಾರು ಎಂದು ಅವತ್ತೆಲ್ಲ ಯೋಚಿಸಿದೆ. ಸಾರಿಗೆ ಹುಣಸೆ ಹಾಕುವುದನ್ನೇ ಮರೆತೆ. ಯಮನೂರಪ್ಪ ಒಂದೇ ಚುಕ್ಕಿ ಕೊಟ್ಟರು.

ಮೇ ತಿಂಗಳು ಮುಗಿಯುವ ಹೊತ್ತಿಗೆ ಚೋರ್ಲಾ ಘಾಟಿನ ಕಡೆ ಮೋಡ ಕಪ್ಪಾಗತೊಡಗಿತು. ಒಂದು ಬೆಳಗ್ಗೆ ಚಮನಸಾಬರು ಪ್ಲೈವುಡ್ಡಿನ ಚೀಟಿಗಳನ್ನೆಲ್ಲ ಬಿಚ್ಚಿ ಗಲ್ಲಾದ ಮೇಲೆ ಹರಡಿಕೊಂಡು ಕೂತರು. ಸಗುಣ ಬಂದಿದ್ದ. ಜಯಶ್ರೀ ಮೂಲೆಯ ಕಂಪ್ಯೂಟರಿನ ಪಕ್ಕ ನಿಂತಿದ್ದಳು. ನಾನು ಗುಡಿಸುವುದು ಮುಗಿದಿದ್ದರೂ ಗುಡಿಸುತ್ತಲೇ ಇದ್ದೆ.

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಮಳೆಗೆ ಮುಂಚೆ ಹೆಂಚು ಬದಲಿಸುವ ಬಗ್ಗೆ ಯಾರ ಜೊತೆಗೋ ಕೊಂಕಣಿಯಲ್ಲಿ ಜಗಳಾಡಿ, ನಕ್ಕು, ಫೋನ್ ಇಟ್ಟರು. ಜಯಶ್ರೀ ಅವರ ಬಾಯಿಯನ್ನೇ ನೋಡುತ್ತಿದ್ದಳು.

“ಹೂಂ. ನೋಡ್ರಿಪಾ,” ಎಂದರು. “ಭಾಳ ಮಂದಿ ಬ್ಯಾಡ ಅಂದಾರ. ಪತ್ರಿಕ್ಯಾವ್ರೂ ಅಷ್ಟಕ್ಕಷ್ಟ ಅಂದಾರ. ನನಗಂತೂ ಮಶಿನ್ ಮುಖ್ಯ. ತಗದ ಬಿಡತೇನಿ.”

“ನನ್ನ ಚೀಟಿ ಓದಿಲ್ರಿ ಕಾಕಾ,” ಎಂದಳು ಜಯಶ್ರೀ.

“ಓದೇನವಾ. ನಕ್ಕದ್ದೂ ಆತಲ್ಲ.”

“ನಕ್ಕೀರಿ. ಚಳಿಗಾಲ ಕಾಯಿರಿ ಅಂತ ಬರದಿದ್ನಿ, ಯಾರ ಕಾದ್ರಿ?”

ಚಮನಸಾಬರು ಸಗುಣನ ಮುಖ ನೋಡಿದರು. ಸಗುಣ ಹೆಗಲು ಕುಣಿಸಿದ. “ನಾನು ಕೆಲಸ ಮುಗಿದ ಮೇಲೆ ಅವರನ್ನ ಹೊರಗೆ ಹಾಕ್ತೇನೆ. ಇಟ್ಟುಕೊಂಡ್ರೆ ಕಾಳು ಸಾಲೋದಿಲ್ಲ.”

“ಬರ್ರಿ ಇಲ್ಲೆ, ತೋರಸತೇನಿ,” ಎಂದು ಜಯಶ್ರೀ ಕುರ್ಚಿ ಎಳೆದಳು.

ಅವಳ ಊರು ಈಗ ಬದಲಾಗಿತ್ತು. ಹಿಮ ಕರಗಿ ಹೊಲ ಹಸಿರಾಗಿತ್ತು. ಎಲ್ಲ ಮನೆಗಳಿಂದಲೂ ಹೊಗೆ. ಜಯಶ್ರೀ ಮೌಸನ್ನು ಒಬ್ಬೊಬ್ಬರ ತಲೆಯ ಮೇಲೆ ಒಯ್ದಾಗ ಒಂದು ಸಣ್ಣ ಪಟ್ಟಿ ಕಾಣಿಸಿಕೊಳ್ಳುತ್ತಿತ್ತು. ಅದರಲ್ಲಿ ಇಂಗ್ಲಿಷ್ ಅಕ್ಷರ.

“ಇಂವ ನಿನ್ನೆ ಬಂದಾಂವ. ಇವನ ಪಟ್ಟಿ ನೋಡ್ರಿ, ನ್ಯೂಕಮರ್. ಅಂದ್ರ ಬಂದವರು. ಈಗ ಇಕಿನ್ನ ನೋಡ್ರಿ.”

ಬಾವಿಯ ಹತ್ತಿರ ಒಬ್ಬ ಹೆಂಗಸು. ತಲೆಯ ಮೇಲೆ ಗಂಟು ಇರಲಿಲ್ಲ, ಆದರೂ ನಾನು ಗುರುತು ಹಿಡಿದೆ. ಅವತ್ತು ಕಾಲೆತ್ತಿಕೊಂಡು ನಿಂತಿದ್ದವಳು.

“ಇಕಿ ಅವತ್ತ ಬಾಗಲದಾಗ ನಿಂತಾಕಿ ಅಲ್ಲೇನ?” ಎಂದರು ಚಮನಸಾಬರು. ಅವರಿಗೂ ನೆನಪಿತ್ತು.

“ಹೌದ್ರಿ. ಇಕಿ ಪಟ್ಟ್ಯಾಗ ರೆಸಿಡೆಂಟ್ ಅಂತ ಬಂದೈತಿ. ಅಂದ್ರ ಇದ್ದವರು. ಮೊದಲಿಂದ ಇದ್ದವರಿಗೂ ಇದ ಪಟ್ಟಿ, ಇಕಿಗೂ ಇದ ಪಟ್ಟಿ.”

ಸಗುಣ ಬಗ್ಗಿ ನೋಡಿದ. “ಇದು ಯಾವಾಗ ಆಗ್ತದೆ? ನನಗೆ ಯಾವತ್ತೂ ಕಾಣಲಿಲ್ಲ.”

“ಶೆಡ್‌ನ್ಯಾಗ ಇಟ್ರ ಆಗೂದಿಲ್ಲ ಸಗುಣಣ್ಣಾ. ಅವರದ ಮನಿ ಬೇಕು, ಅವರದ ಒಲಿ ಬೇಕು. ಆ ಒಲಿ ಆರದಂಗ ಒಂದ ಚಳಿಗಾಲ ದಾಟಬೇಕು.”

“ಯಾರ ಬದಲಿ ಮಾಡ್ತಾರಿದನ್ನ?” ಎಂದರು ಚಮನಸಾಬರು. “ನೀ ಒತ್ತತೀ?”

“ಯಾರೂ ಒತ್ತೂದಿಲ್ರಿ. ಹಿಮ ಕರಗಿದ ಮ್ಯಾಲ ಒಂದ ದಿನಾ ನೋಡಿದ್ರ ಆಗಿರ್ತೈತಿ.”

ಚಮನಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಮೌಸನ್ನು ತಮ್ಮ ಕೈಗೆ ತೆಗೆದುಕೊಂಡು ಬಾವಿಯ ಹೆಂಗಸಿನ ಮೇಲೆ ಇಟ್ಟರು. ಪಟ್ಟಿ ಬಂತು. ತೆಗೆದರು, ಮತ್ತೆ ಇಟ್ಟರು. ಮತ್ತೆ ಅದೇ ಪಟ್ಟಿ.

“ಈ ಮೂಲಿ ಮಶಿನ್ನಿಂದು ಇರಲಿ,” ಎಂದರು ಕೊನೆಗೆ. “ಉಳದದ್ರಾಗ ತಗೀತೇನಿ. ಫಾರ್ಮ್ ತುಂಬೋ ಮಂದಿ ಬರ್ತಾರ, ಅವರಿಗೂ ಜಾಗಾ ಬೇಕಲ್ಲ.”

“ಮತ್ತೆ ನನ್ನ ಊರು?” ಎಂದ ಸಗುಣ.

“ನಿನ್ನ ಊರಾಗ ಯಾರ ಉಳದಾರೋ? ಬಂದವರ್ನ ಹೊರಗ ಹಾಕಿ, ಇದ್ದವರ್ನ ಹಸದ ಸಾಯಿಸಿ!”

ಸಗುಣನೇ ಮೊದಲು ನಕ್ಕ. ಹೊರಡುವಾಗ ತನ್ನ ಚೀಟಿಯನ್ನು ಗಲ್ಲಾದ ಮೇಲಿನಿಂದ ಎತ್ತಿಕೊಂಡು, ಎರಡು ಚುಕ್ಕಿಯ ಪಕ್ಕ ಇನ್ನೊಂದು ಬರೆದು, ಅದನ್ನೇ ಅರ್ಧಕ್ಕೆ ಅಳಿಸಿ ಇಟ್ಟುಹೋದ. ಜಯಶ್ರೀಯ 'ಐದಕ್ಕೆ ಐದು' ಅವನಿಗೆ ಇನ್ನೂ ಒಪ್ಪಿಗೆ ಇರಲಿಲ್ಲ.

ನಾನು ಪೊರಕೆ ಮೂಲೆಗಿಟ್ಟೆ. ಅವಳ ಊರು ಉಳಿದಿತ್ತು. ಇನ್ನು ಕುಣಿಯುತ್ತ ಒಳಗೆ ಬರುತ್ತಾಳೆ, ಬೆಲ್ಲ ಕೇಳುತ್ತಾಳೆ ಎಂದುಕೊಂಡೆ. ಅವಳು ಕದಲಲಿಲ್ಲ. ಚಮನಸಾಬರ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತೇ ಇದ್ದಳು. ಅವರು ಇನ್ನೂ ಆ ಬಾವಿಯ ಕಡೆ ನೋಡುತ್ತಿದ್ದರು. ಹೊರಗೆ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು.

“ಕಾಕಾ, ಒಂದ ಕೇಳಲಿ?”

“ಕೇಳವಾ.”

ಈಗಲೂ ‘ಏನಿಲ್ಲ ಬಿಡ್ರಿ’ ಎನ್ನುತ್ತಾಳೆ ಎಂದು ನಾನು ಕಾದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು, ಆಮೇಲೆ ಅವರ ಕಡೆ ತಿರುಗಿದಳು.

“ನೀವೂ ಘಾಟ ಇಳದ ಬಂದವರಲ್ರಿ. ಎಷ್ಟ ಮಳಿಗಾಲ ಆದ ಮ್ಯಾಲ ನಿಮ್ಮ ಪಟ್ಟಿ ಬದಲಾತ್ರಿ?”